ಅಕ್ಕನ ಫೋನು ಮತ್ತು ಆ್ಯಪ್‌ಗಳ ಹೊಟ್ಟೆಪಾಡು

ಸಾಗರ ತಾಲ್ಲೂಕು
ಶನಿವಾರ, 14 ಡಿಸೆಂಬರ್ 2024

ಅಕ್ಕನ ಹೊಸ ಫೋನಿಗೆ ಬೇಕಾದ ಆ್ಯಪ್‌ಗಳನ್ನು ಆರಿಸಿ ಹಾಕಿಕೊಡುವ ಕೆಲಸದಲ್ಲಿಯೇ ಇಂದಿನ ಬಹುಪಾಲು ಹೊತ್ತು ಕಳೆಯಿತು. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಅವಳು ಹೇಳಿದ್ದು ಇಷ್ಟೇ: "ಕೆಲಸಕ್ಕೆ ಬರುವಂಥದ್ದು ಇರಲಿ, ಮಾಣಿಗೆ ಖುಷಿಯಾಗುವಂಥದ್ದೂ ಒಂದೆರಡು ಇರಲಿ. ಆದರೆ ದಿನವಿಡೀ ಟಿಂಗ್ ಟಿಂಗ್ ಎನ್ನುವುದು ಮಾತ್ರ ಬೇಡ ಮಾರಾಯ." ಪ್ಲೇ ಸ್ಟೋರಿನೊಳಗೆ ಹೊಕ್ಕವರಿಗೆ ಈ ಕೊನೆಯ ಷರತ್ತು ಎಷ್ಟು ಕಠಿಣವಾದುದೆಂದು ಗೊತ್ತು. 2008ರಲ್ಲಿ ಆ್ಯಪಲ್ಲಿನ ಆ್ಯಪ್ ಸ್ಟೋರ್ ತೆರೆದಾಗ ಅದರಲ್ಲಿದ್ದುದು ಸುಮಾರು 500 ಆ್ಯಪ್‌ಗಳು. ಇಂದು ಎರಡೂ ಅಂಗಡಿಗಳಲ್ಲಿ ಸರಕು ಲಕ್ಷಗಟ್ಟಲೆ ಇದೆ, ಹುಡುಕಿದ ಕೂಡಲೇ ಮೇಲೆ ಕಾಣಿಸುವುದು ಹಲವು ಸಲ ದುಡ್ಡು ಕೊಟ್ಟು ಆ ಜಾಗ ಹಿಡಿದ ಜಾಹೀರಾತು.

ಹಾಗಾಗಿ ನಾನು ಶ್ರೇಯಾಂಕದ ಪಟ್ಟಿಗಳನ್ನೂ ನಕ್ಷತ್ರಗಳ ಎಣಿಕೆಯನ್ನೂ ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಇದನ್ನು ಕಟ್ಟಿದವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಎಂಬುದೊಂದನ್ನೇ ಕೇಳಿಕೊಳ್ಳುತ್ತೇನೆ. ವಿಶ್ವವಿದ್ಯಾಲಯದ ಅನುದಾನವೋ, ಸರ್ಕಾರದ ಸಂಬಳವೋ, ಬಳಸುವವರ ದೇಣಿಗೆಯೋ, ನೇರವಾಗಿ ಕೇಳುವ ಬೆಲೆಯೋ ಉತ್ತರವಾಗಿದ್ದರೆ ಮುಂದುವರಿಯುತ್ತೇನೆ. ಉತ್ತರವೇ ಕಾಣದಿದ್ದರೆ ಆ ಪಾಡು ನಮ್ಮ ಮಾಹಿತಿಯಿಂದಲೇ ನಡೆಯುತ್ತಿರಬಹುದು ಎಂದು ಅನುಮಾನಿಸುತ್ತೇನೆ. ಅನುಮಾನಕ್ಕೆ ಆಧಾರವಿದೆ. ಫೋನನ್ನು ಟಾರ್ಚ್ ಆಗಿಸುವ ಒಂದು ಜನಪ್ರಿಯ ಆ್ಯಪ್, ಬಳಕೆದಾರರು ಎಲ್ಲಿದ್ದಾರೆಂಬ ವಿವರವನ್ನು ಅವರಿಗೆ ತಿಳಿಸದೆ ಜಾಹೀರಾತು ಜಾಲಗಳಿಗೆ ಕೊಡುತ್ತಿತ್ತೆಂದು 2013ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತ್ತು. ದೀಪ ಬೆಳಗುವುದಕ್ಕೆ ನಾವಿರುವ ಊರು ಯಾಕೆ ಬೇಕು? 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಇಂಥ ಅನುಮತಿಗಳನ್ನು ಒಂದೊಂದಾಗಿ ನಿರಾಕರಿಸಬಹುದು ಎಂಬುದು ನಮ್ಮ ಪಾಲಿನ ಸಮಾಧಾನ. ಅಂದಹಾಗೆ, ಟಾರ್ಚ್ ಈಗ ಪ್ರತಿ ಫೋನಿನಲ್ಲೂ ಬಂದೇ ಇರುತ್ತದೆ; ಆದರೂ ಅದನ್ನು ಇಳಿಸಿಕೊಳ್ಳುವವರಿದ್ದಾರೆ.

ಮೊದಲು ಹಾಕಿದ್ದು ದಿಶಾಂಕ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್, ನಾವು ನಿಂತ ಜಾಗದ ಗ್ರಾಮ, ಹೋಬಳಿ ಮತ್ತು ಸರ್ವೆ ನಂಬರನ್ನು ನಕಾಶೆಯ ಮೇಲೆ ತೋರಿಸುತ್ತದೆ. ಭಾವ ಅದನ್ನು ಹಿಡಿದುಕೊಂಡು ತೋಟದ ಮೇಲಿನ ಬೆಟ್ಟದವರೆಗೂ ನಡೆದು, ನಂಬರು ಬದಲಾದಲ್ಲೆಲ್ಲ ನಿಂತು, "ನೋಡು, ನಾನು ಹೇಳಿದ್ದು ಸರಿಯಾಯಿತಲ್ಲ" ಎಂದರು. ಜಿಪಿಎಸ್ ಕೆಲವು ಮೀಟರ್‌ಗಳಷ್ಟು ಆಚೀಚೆಯಾಗುವುದು ಸಾಮಾನ್ಯವಾದ್ದರಿಂದ ಇದನ್ನು ನಂಬಿ ಬೇಲಿ ಸರಿಸಬಾರದೆಂದು ನಾನು ಎರಡೆರಡು ಸಲ ಹೇಳಬೇಕಾಯಿತು. ಜಮೀನು ಕೊಳ್ಳುವ ಮುನ್ನ ಮಾರುವವರು ತೋರಿಸಿದ ಜಾಗವೂ ಕಾಗದದಲ್ಲಿರುವ ನಂಬರೂ ಒಂದೇ ಹೌದೋ ಅಲ್ಲವೋ ಎಂದು ಮೇಲುಮೇಲಕ್ಕೆ ನೋಡಿಕೊಳ್ಳಲು ಮಾತ್ರ ಇದಕ್ಕಿಂತ ಸುಲಭವಾದ ದಾರಿ ಕಾಣೆ.

ಇನ್ನು ಅಕ್ಕ ಹೇಳಿದ ಮಾಣಿಯ, ಅಂದರೆ ಅವಳ ಮಗನಾದ ನನ್ನ ಅಳಿಯನ ಪಾಲು. ಮನೆಯಲ್ಲಿ ವೈಫೈ ಇದೆ, ತೋಟಕ್ಕೆ ಇಳಿದರೆ ಸಿಗ್ನಲ್ಲೇ ಇಲ್ಲ. ಆದ್ದರಿಂದ ಇಂಟರ್ನೆಟ್ ಇಲ್ಲದೆಯೂ ನಡೆಯುವಂಥದ್ದೇ ಆಗಬೇಕಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಈ ಕೊರತೆಗೆ ಹೇಳಿ ಮಾಡಿಸಿದಂತಿದೆ. ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲಿಯೇ ಇಳಿಸಿಕೊಂಡರೆ ಸಾಕು, 2021ರಲ್ಲಿ ಅದಕ್ಕೆ ಸೇರಿಸಿದ ಧ್ವನಿ ಗುರುತಿಸುವ ಸೌಲಭ್ಯ ಫೋನಿನೊಳಗೇ ಕೆಲಸ ಮಾಡುತ್ತದೆ. ಕಿವಿಗೆ ಬಿದ್ದ ಸದ್ದನ್ನು ಅದು ಮೊದಲು ಚಿತ್ರವಾಗಿಸುತ್ತದೆ: ಕಾಲ ಎಡದಿಂದ ಬಲಕ್ಕೆ, ಸ್ವರದ ಏರಿಳಿತ ಕೆಳಗಿನಿಂದ ಮೇಲಕ್ಕೆ. ಆಮೇಲೆ, ಸಾವಿರಾರು ಧ್ವನಿಮುದ್ರಣಗಳಿಂದ ಕಲಿತ ತಂತ್ರಾಂಶವು ಆ ಚಿತ್ರದ ಗೀಚುಗಳನ್ನು ಓದಿ ಹೆಸರು ಹೇಳುತ್ತದೆ. ಬೆಳಗಿನ ಹೊತ್ತು ತೋಟದಲ್ಲಿ ಕುಟ್ರುಹಕ್ಕಿ, ಪಿಕಳಾರ, ಮಡಿವಾಳ ಹಕ್ಕಿಗಳ ಹೆಸರುಗಳು ಒಂದರ ಹಿಂದೊಂದು ಬಂದವು. ಅವೆಲ್ಲ ಅವನಿಗೆ ಗೊತ್ತಿದ್ದವೇ. ಎಲೆಗಳ ನಡುವೆ ಕಣ್ಣಿಗೇ ಬೀಳದೆ ಚಿಲಿಪಿಲಿಗುಡುತ್ತಿದ್ದ ಪುಟ್ಟ ಹಕ್ಕಿ ಗ್ರೀನಿಶ್ ವಾರ್ಬ್ಲರ್ ಎಂಬ ಉಲಿಯಕ್ಕಿಯೆಂದೂ, ಚಳಿಗಾಲ ಕಳೆಯಲು ಹಿಮಾಲಯ ಮತ್ತು ಮಧ್ಯ ಏಷ್ಯಾದ ಕಡೆಯಿಂದ ನಮ್ಮತ್ತ ಬರುವಂಥದ್ದೆಂದೂ ತಿಳಿದಾಗ ಅವನು ನಿಂತಲ್ಲೇ ನಿಂತ. ಒಮ್ಮೆ ಗಿಡುಗದ ಹೆಸರು ಕಾಣಿಸಿತು, ನೋಡಿದರೆ ಮರದಲ್ಲಿದ್ದುದು ಭೀಮರಾಜ. ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ಅದು ನಿಸ್ಸೀಮ. ಯಂತ್ರವನ್ನೂ ಏಮಾರಿಸಿತೆಂದು ಅಳಿಯನಿಗೆ ಇಮ್ಮಡಿ ಸಂತೋಷ. ಆ್ಯಪ್ ಹೇಳಿದ್ದನ್ನು ಕಣ್ಣಿನಿಂದ ತಾಳೆ ನೋಡಬೇಕೆಂಬ ಪಾಠವನ್ನು ನನಗಿಂತ ಭೀಮರಾಜನೇ ಚೆನ್ನಾಗಿ ಕಲಿಸಿದ.

ಎರಡನೆಯದು ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2016ರಲ್ಲಿ ಹೊರತಂದ ಫೈಫಾಕ್ಸ್. ಇಂದಿನ ಫೋನೊಂದರಲ್ಲಿ ವೇಗೋತ್ಕರ್ಷ, ಕಾಂತಕ್ಷೇತ್ರ, ಬೆಳಕು, ಸದ್ದು, ಕೆಲವು ಮಾದರಿಗಳಲ್ಲಿ ಗಾಳಿಯ ಒತ್ತಡ ಇವನ್ನೆಲ್ಲ ಅಳೆಯುವ ಸಂವೇದಕಗಳಿದ್ದರೂ ಅವುಗಳಿಂದ ನಾವು ಮಾಡಿಸಿಕೊಳ್ಳುವ ದೊಡ್ಡ ಕೆಲಸವೆಂದರೆ ಪರದೆಯನ್ನು ಅಡ್ಡ ತಿರುಗಿಸುವುದು. ಫೈಫಾಕ್ಸ್ ಆ ಅಳತೆಗಳನ್ನು ನಮ್ಮ ಕೈಗೇ ಕೊಡುತ್ತದೆ. ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಶಬ್ದದ ವೇಗದ ಪಾಠ ಇರುವುದರಿಂದ ಅದನ್ನೇ ಅಂಗಳದಲ್ಲಿ ಅಳೆದೆವು. ಅಕ್ಕನ ಫೋನನ್ನೂ ನನ್ನ ಫೋನನ್ನೂ 5 ಮೀಟರ್ ದೂರದಲ್ಲಿಟ್ಟು ಎರಡರಲ್ಲೂ ಸದ್ದಿಗೆ ಓಡಿ ಸದ್ದಿಗೆ ನಿಲ್ಲುವ ಗಡಿಯಾರವನ್ನು ತೆರೆದೆವು. ನಾನು ನನ್ನ ಫೋನಿನ ಪಕ್ಕ ಚಪ್ಪಾಳೆ ತಟ್ಟಿದೆ, ಎರಡೂ ಓಡತೊಡಗಿದವು. ತುಸು ಹೊತ್ತಿನ ಮೇಲೆ ಅಳಿಯ ಅಕ್ಕನ ಫೋನಿನ ಪಕ್ಕ ತಟ್ಟಿದ, ಎರಡೂ ನಿಂತವು. ಅವನ ಗಡಿಯಾರ ಶುರುವಾಗಿದ್ದು ಸದ್ದು 5 ಮೀಟರ್ ದಾಟಿದ ಮೇಲೆ, ನನ್ನದು ನಿಂತದ್ದೂ ಹಾಗೆಯೇ. ಆದುದರಿಂದ ಎರಡರ ವ್ಯತ್ಯಾಸವೆಂದರೆ ಸದ್ದು ಒಟ್ಟು 10 ಮೀಟರ್ ಸಾಗಿದ ಕಾಲ. ನಮಗೆ ಸಿಕ್ಕಿದ್ದು ಸುಮಾರು 0.029 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 345 ಮೀಟರ್. "ಮಾವ, ಪುಸ್ತಕದಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ!" ಎಂದು ಅವನು ಕೂಗಿದ್ದಕ್ಕೆ ಗಡಿಯಾರ ಮತ್ತೆ ಓಡತೊಡಗಿತು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ನಮ್ಮ ಚಪ್ಪಾಳೆಗಳನ್ನು ಏನೆಂದು ತಿಳಿದರೋ.

ಆಟಗಳ ವಿಷಯದಲ್ಲಿ ಹೇಳುವಂಥದ್ದು ಕಡಿಮೆ. ಚದುರಂಗಕ್ಕೆ ಲೀಚೆಸ್ ಹಾಕಿದೆ: 2010ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದುದು, ದೇಣಿಗೆಯಿಂದಲೇ ನಡೆಯುವಂಥದ್ದು, ಒಂದೂ ಜಾಹೀರಾತಿಲ್ಲ. ಚೌಕಾಬಾರದ ಆ್ಯಪ್‌ಗಳನ್ನೂ ಹುಡುಕಿ ನೋಡಿದೆ. ನನಗೆ ಸಿಕ್ಕವುಗಳಲ್ಲಿ ಎರಡು ಗರ ಹಾಕುವಷ್ಟರಲ್ಲಿ ಸಾಲ ಕೊಡುವವರೂ ರಮ್ಮಿ ಆಡಿಸುವವರೂ ಪರದೆ ತುಂಬ ಬಂದು ನಿಂತರು. ಎಲ್ಲವನ್ನೂ ತೆಗೆದುಹಾಕಿದೆ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕವಡೆ ಹಾಕುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ರಾತ್ರಿ ಊಟವಾದ ಮೇಲೆ, ಫೋನನ್ನು ಆಕಾಶದತ್ತ ಹಿಡಿದರೆ ಅಲ್ಲಿರುವ ನಕ್ಷತ್ರ, ಗ್ರಹಗಳ ಹೆಸರು ತೋರಿಸುವ ಸ್ಕೈ ಮ್ಯಾಪ್. ಗೂಗಲ್ಲಿನ ಉದ್ಯೋಗಿಗಳು 2009ರಲ್ಲಿ ಮಾಡಿದ ಈ ಆ್ಯಪ್‌ನ ಮೂಲಸಂಕೇತ (ಸೋರ್ಸ್ ಕೋಡ್) ಈಗ ಎಲ್ಲರಿಗೂ ಮುಕ್ತವಾಗಿದೆ. ಹೊಸ್ತಿಲ ಹುಣ್ಣಿಮೆಯ ಬೆಳಕಿನಲ್ಲಿ ಈ ವಾರದ ಮಿಥುನ ಉಲ್ಕೆಗಳು ಕಾಣುವ ಆಸೆ ಇರಲಿಲ್ಲ. ಆದರೆ ಚಂದ್ರನ ಪಕ್ಕದಲ್ಲಿಯೇ ಗುರು, ಅವರಿಂದ ಸ್ವಲ್ಪ ದೂರಕ್ಕೆ ರೋಹಿಣಿ, ಎಲ್ಲವೂ ಪರದೆಯಲ್ಲಿ ತೋರಿಸಿದಂತೆಯೇ ಇದ್ದವು. ಅಡಿಕೆ ಒಣಗಿಸುವ ಅಟ್ಟದ ಕಬ್ಬಿಣದ ಕಂಬದ ಹತ್ತಿರ ನಿಂತಾಗ ದಿಕ್ಸೂಚಿ ತಪ್ಪಿ ಆಕಾಶವೆಲ್ಲ ಪಕ್ಕಕ್ಕೆ ಜಾರಿತ್ತು. ದೂರ ಬಂದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದ ಮೇಲೆ ಸರಿಹೋಯಿತು.

ಮಲಗುವ ಮೊದಲು ಎಲ್ಲ ಅನುಮತಿಗಳನ್ನೂ ಮತ್ತೊಮ್ಮೆ ನೋಡಿದೆ. ಮರ್ಲಿನ್‌ಗೆ ಬಳಸುವಾಗ ಮಾತ್ರ ಮೈಕ್ ಮತ್ತು ಸ್ಥಳ, ದಿಶಾಂಕ್‌ಗೆ ಬಳಸುವಾಗ ಮಾತ್ರ ಸ್ಥಳ, ಲೀಚೆಸ್‌ಗೆ ಏನೂ ಇಲ್ಲ; ಅಧಿಸೂಚನೆಗಳು ಎಲ್ಲಕ್ಕೂ ಬಂದ್. ಉಳಿದದ್ದು ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ದಾಮಿನಿ. ಸುತ್ತಮುತ್ತ ಸಿಡಿಲು ಬಡಿಯುವ ಅಪಾಯವಿದ್ದರೆ ಎಚ್ಚರಿಸುವ ಈ ಆ್ಯಪ್ ನಾವು ಎಲ್ಲಿದ್ದೇವೆಂದು ತಿಳಿಯದೆ ಪ್ರಯೋಜನಕ್ಕೆ ಬಾರದು, ಸದ್ದು ಮಾಡದಿದ್ದರಂತೂ ಇದ್ದೂ ಇಲ್ಲದಂತೆ. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ, ತೋಟಕ್ಕೆ ಇಳಿಯುವ ಮುನ್ನ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಇದೊಂದಕ್ಕೆ ಮಾತ್ರ ಸ್ಥಳವನ್ನೂ ಟಿಂಗ್ ಎನ್ನುವ ಅಧಿಕಾರವನ್ನೂ ಕೊಡುವಂತೆ ಅಕ್ಕನನ್ನು ಒಪ್ಪಿಸಿದ್ದೇನೆ. ಸಿಡಿಲು ಮಳೆ ಶುರುವಾಗುವ ಏಪ್ರಿಲ್‌ಗೆ ಮೊದಲು ಭಾವನ ಫೋನಿಗೂ ಹಾಕಬೇಕು.