ಅರ್ಧ ಆಮೆನ್

ಭಾನುವಾರ ನಮ್ಮ ಕಥೋಲಿಕ ಚರ್ಚಿನ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ, ಅಂದರೆ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ರೊಟ್ಟಿಗೆ, ಎಲ್ಲರೂ ಎದ್ದರು. ಅತ್ತಿಗೆ ಏಳಲಿಲ್ಲ. ಮೊಣಕಾಲು ಪಕ್ಕಕ್ಕೆ ತಿರುಗಿಸಿ ನನಗೆ ದಾರಿ ಬಿಟ್ಟರು. ಕಾಲುನೋವಿರಬೇಕು ಅಂದುಕೊಂಡು ದಾಟಿ ಹೋದೆ. ವಾಪಸ್ ಬಂದಾಗ ಮತ್ತೆ ಹಾಗೇ ತಿರುಗಿಸಿದರು. ಈ ಸಲ ಮುಖ ನೋಡಿದೆ. ಕಾಲುನೋವಲ್ಲ.

ನಾನು ಯಾವಾಗಲೂ ಹಿಂದೆ ಬಾಗಿಲ ಹತ್ತಿರ ನಿಲ್ಲುವವನು. ಅವತ್ತು ಅವರ ಪಕ್ಕ ಕೂತದ್ದೇ ಆಕಸ್ಮಿಕ. ಹೊರಗೆ ಬಂದ ಮೇಲೆ ಕೇಳಿದೆ. "ಐದು ತಿಂಗಳಾಯ್ತು. ನಿನಗೆ ಈಗ ಕಾಣಿಸ್ತಾ?" ಅಂದರು.

ಐದು ತಿಂಗಳು ಅಂದರೆ ಅವರ ಮೊಮ್ಮಗಳ ವಯಸ್ಸು. ಮಗಳು ಒಂಬತ್ತು ವರ್ಷ ಕಾದ ಮೇಲೆ ಐವಿಎಫ್‌ನಿಂದ ಹುಟ್ಟಿದ ಮಗು. ಐವಿಎಫ್ ಸರಿಯಲ್ಲ ಅನ್ನುತ್ತದೆ ನಮ್ಮ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು. ಅತ್ತಿಗೆ ವಿಷಯ ಮುಚ್ಚಿಡಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, "ಧರ್ಮಸಭೆ ತಪ್ಪು ಅಂದದ್ದನ್ನ ತಪ್ಪಲ್ಲ ಅನ್ನೋರು ಪರಮಪ್ರಸಾದಕ್ಕೆ ನಿಲ್ಲಬಾರದು" ಅಂದರಂತೆ. ಆಕೆ ಕೆಟ್ಟವರಲ್ಲ. ಯಾರಿಗಾದರೂ ಹುಷಾರಿಲ್ಲ ಅಂದರೆ ಮೊದಲು ಓಡುವವರು ಆಕೆಯೇ. ಆದರೆ ಬಲಿಪೀಠದ ಬೀಗದಕೈ ತನ್ನ ಸೊಂಟದಲ್ಲೇ ಇದೆ ಅಂದುಕೊಂಡಿದ್ದಾರೆ.

"ಸುಮ್ನೆ ಹೋಗಿ ತಗೊಳ್ಳಿ ಅತ್ತಿಗೆ, ಯಾರು ಕೇಳ್ತಾರೆ?" ಅಂದೆ.

"ಯಾರೂ ಕೇಳಲ್ಲ. ಆದ್ರೆ ಫಾದರ್ 'ಕ್ರಿಸ್ತರ ಶರೀರ' ಅಂದಾಗ ಆಮೆನ್ ಅನ್ನಬೇಕಲ್ವಾ? ಅರ್ಧ ಆಮೆನ್ ಹೇಗೆ ಹೇಳಲಿ?"

ಆಮೆನ್ ಅಂದರೆ 'ಹೌದು, ಒಪ್ಪಿದೆ' ಅಂತ. ಈ ವಾರವಿಡೀ ಆ ಅರ್ಧ ಆಮೆನ್ ನನ್ನ ಬೆನ್ನು ಬಿಟ್ಟಿಲ್ಲ. ಯಾಕೆಂದರೆ ನಾನು ವರ್ಷಗಟ್ಟಲೆ ಅರ್ಧ ಆಮೆನ್ ಹೇಳಿಕೊಂಡೇ ಬಂದವನು. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಸಭೆಯ ಬೋಧನೆಗಳ ಸಂಗ್ರಹವಾದ ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದವನ್ನೇ ತಿದ್ದಿಸಿದರು. ಮರಣದಂಡನೆಯನ್ನು ಒಪ್ಪಲಾಗದು ಅಂತ ಈಗ ಅಲ್ಲಿದೆ. ನನಗೆ ಅದು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಮಕ್ಕಳ ಮೇಲೆ ಕ್ರೌರ್ಯ ನಡೆದ ಸುದ್ದಿ ಬಂದಾಗ "ನೇಣಿಗೆ ಹಾಕ್ಬೇಕು" ಅಂತ ನಾಲ್ಕು ಜನರ ಮುಂದೆ ಜೋರಾಗಿಯೇ ಹೇಳಿದ್ದೇನೆ. ಆ ಪ್ರಾರ್ಥನಾ ಕೂಟದ ಅಮ್ಮನೂ ತಲೆಯಾಡಿಸಿದ್ದರು. ಮುಂದಿನ ಭಾನುವಾರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತೆವು. ಯಾರೂ ತಡೆಯಲಿಲ್ಲ, ನಮಗೂ ಏನೂ ಅನ್ನಿಸಲಿಲ್ಲ.

ನನ್ನ ಪರ ಒಂದು ವಾದ ಇದೆ, ನಿಜ. 2004ರಲ್ಲಿ, ಪೋಪ್ ಆಗುವ ಹಿಂದಿನ ವರ್ಷ, ಕಾರ್ಡಿನಲ್ ರಾಟ್ಸಿಂಗರ್ ಅಮೆರಿಕದ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಕಳಿಸಿದ ಟಿಪ್ಪಣಿಯಲ್ಲಿ ಯುದ್ಧ, ಮರಣದಂಡನೆಯ ವಿಷಯದಲ್ಲಿ ಕಥೋಲಿಕರಲ್ಲೇ ಬೇರೆ ಬೇರೆ ಅಭಿಪ್ರಾಯ ಇರಬಹುದು, ಗರ್ಭಪಾತ ಮತ್ತು ದಯಾಮರಣದಲ್ಲಿ ಹಾಗಲ್ಲ ಅಂದಿದ್ದರು. ಆದರೆ ಅದು 2018ಕ್ಕಿಂತ ಮುಂಚಿನ ಮಾತು. ಈಗಲೂ ಅದರ ನೆರಳಲ್ಲಿ ಕೂರುವುದು ನನ್ನ ಅನುಕೂಲಕ್ಕೆ ಅಷ್ಟೇ.

ರಾತ್ರಿ ಕೂತು 1983ರ ಧರ್ಮಸಭೆಯ ಕಾನೂನು ಸಂಹಿತೆ ತೆಗೆದೆ. 912ನೇ ನಿಯಮ ಬಾಗಿಲು ತೆರೆದೇ ಶುರುವಾಗುತ್ತದೆ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ, ಕಾನೂನು ತಡೆಯದ ಯಾರಿಗೇ ಆಗಲಿ ಪರಮಪ್ರಸಾದ ಕೊಡಲೇಬೇಕು. ತಡೆಯುವುದು 915. ಎಲ್ಲರಿಗೂ ಕಾಣುವ ಗಂಭೀರ ಪಾಪದಲ್ಲಿ ಹಟಹಿಡಿದು ಮುಂದುವರಿಯುವವರಿಗೆ ಕೊಡಬಾರದು ಅನ್ನುತ್ತದೆ. ಮೊಮ್ಮಗಳನ್ನು ಮಡಿಲಲ್ಲಿ ಆಡಿಸುವ ಅಜ್ಜಿ ಇದರಲ್ಲಿ ಎಲ್ಲಿ ಬರುತ್ತಾರೆ? 916 ನಮ್ಮ ಕೈಗೇ ತಕ್ಕಡಿ ಕೊಡುತ್ತದೆ. ಗಂಭೀರ ಪಾಪ ಮಾಡಿದ್ದೇನೆ ಅಂತ ತನಗೇ ಗೊತ್ತಿರುವವರು ಪಾಪನಿವೇದನೆ ಮಾಡದೆ ಮುಂದೆ ಹೋಗಬಾರದು. ಹಾಗಂತ ಯಾವುದನ್ನು ಬೇಕಾದರೂ ಒಪ್ಪದೆ ಇರಬಹುದು ಅಂತ ಸಂಹಿತೆ ಹೇಳುವುದಿಲ್ಲ. ಆಖೈರಾಗಿ ಘೋಷಿಸದ ಬೋಧನೆಗೂ ಬುದ್ಧಿ, ಮನಸ್ಸು ಎರಡೂ ಬಾಗಬೇಕು ಅಂತ 752 ಕೇಳುತ್ತದೆ. ಅದು ವಿಶ್ವಾಸದ ಒಪ್ಪಿಗೆ ಅಲ್ಲ ಅಂತಲೂ ಅಲ್ಲೇ ಬರೆದಿದೆ. ಈ ಎರಡರ ನಡುವಿನ ಜಾಗ ಬಹಳ ಕಿರಿದು. ನಮ್ಮಲ್ಲಿ ಜಾಸ್ತಿ ಜನ ವಾಸವಾಗಿರುವುದು ಅಲ್ಲೇ. ಅತ್ತಿಗೆಯಂಥವರು ಬಾಯಿಬಿಟ್ಟು ಹೇಳುತ್ತಾರೆ, ಸಿಕ್ಕಿಬೀಳುತ್ತಾರೆ. ಗರ್ಭನಿರೋಧಕ ಬಳಸಬಾರದು ಅಂದ 1968ರ ಬೋಧನೆಯನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟ ಎಷ್ಟು ಮನೆಯವರು ಆ ಸಾಲಿನಲ್ಲಿ ನಿಲ್ಲುವುದಿಲ್ಲ?

ಐವಿಎಫ್ ಸರಿಯಲ್ಲ ಅಂದ 1987ರ ವ್ಯಾಟಿಕನ್ ದಾಖಲೆಯನ್ನೂ ಹುಡುಕಿದೆ. ಅದರಲ್ಲೇ ಇನ್ನೊಂದು ಮಾತಿದೆ. ಹೇಗೇ ಹುಟ್ಟಿರಲಿ, ಲೋಕಕ್ಕೆ ಬಂದ ಪ್ರತಿ ಮಗುವನ್ನೂ ದೇವರ ಒಳ್ಳೆಯತನದ ಕೊಡುಗೆ ಅಂತ ಸ್ವೀಕರಿಸಿ ಪ್ರೀತಿಯಿಂದ ಬೆಳೆಸಬೇಕು. ಬುಧವಾರ ಅತ್ತಿಗೆಗೆ ಫೋನ್ ಮಾಡಿ ಓದಿದೆ. "ಇನ್ನೊಂದ್ಸಲ ಓದು" ಅಂದರು. ಓದಿದೆ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಇದನ್ನ ಕೂಟದ ಆಕೆ ನನಗೆ ಹೇಳಲೇ ಇಲ್ಲ."

ನನ್ನ ನೇಣಿನ ಕಥೆಯನ್ನೂ ಹೇಳಿದೆ. ಜೋರಾಗಿ ನಕ್ಕರು. "ಹಾಗಾದ್ರೆ ನೀನೂ ಕಾಲು ತಿರುಗಿಸಿ ಕೂತ್ಕೋ" ಅಂದರು. ತಮಾಷೆಗೇ ಅಂದದ್ದು. ನನಗೆ ಮಾತ್ರ ನಗು ಬರಲಿಲ್ಲ. (ಇದನ್ನೆಲ್ಲ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಉಪದೇಶ ಮಾಡ್ಬೇಡ" ಅಂದಿದ್ದಾರೆ.)

ನಿನ್ನೆ ಫಾದರ್ ಹತ್ತಿರ ಹೋಗಿದ್ದರಂತೆ. ತಮ್ಮ ವಿಷಯ ಎತ್ತಲಿಲ್ಲ. ಮೊಮ್ಮಗಳ ದೀಕ್ಷಾಸ್ನಾನಕ್ಕೆ ದಿನ ಕೇಳಿದ್ದಾರೆ. ಫಾದರ್ ತಕ್ಷಣ ಕೊಟ್ಟರಂತೆ, ಮುಂದಿನ ತಿಂಗಳು. ಆಮೇಲೆ ಅವರೇ, "ನೀವು ಯಾವಾಗ ಬರ್ತೀರಮ್ಮ, ಕೂತು ಮಾತಾಡೋಣ" ಅಂದರಂತೆ. ಅತ್ತಿಗೆ ಏನೂ ಹೇಳದೆ ಬಂದಿದ್ದಾರೆ.

ದೀಕ್ಷಾಸ್ನಾನದ ದಿನ ಬೆಂಚಿನಲ್ಲಿ ದಾರಿ ಕಡೆಯ ಜಾಗ ನನಗೆ ಬಿಡಿ ಅಂತ ಹೇಳಿಟ್ಟಿದ್ದೇನೆ. ಯಾಕೆ ಅಂತ ಅವರು ಕೇಳಲಿಲ್ಲ.