ಅಂಗಿ ಬದಲಿಸಿದ ಬಟರ್‌ಸ್ಕಾಚ್

ನಿನ್ನೆ ಸಂಜೆ ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಮಳೆ ಹಿಡಿದುಕೊಂಡಿತು. ಐಸ್‌ಕ್ರೀಮ್ ಅಂಗಡಿಯೊಂದಕ್ಕೆ ನುಗ್ಗಿದೆ. ಒಳಗೆ ನಿಂತ ಮೇಲೆ ತಿನ್ನದೆ ಬರುವುದು ಹೇಗೆ? ಗೋಡೆಯ ಮೇಲೆ ಹೊಸ ಸಿನಿಮಾದ ನಾಯಕ, ಅವನ ಕೆಳಗೆ ಸಿನಿಮಾದ ಹೆಸರಿನದೇ ಐಸ್‌ಕ್ರೀಮ್, ‘ಕೆಲವೇ ದಿನ ಮಾತ್ರ’. ಆ ‘ಮಾತ್ರ’ಕ್ಕೆ ಮರುಳಾಗಿ ತೆಗೆದುಕೊಂಡೆ. ಅದೇ ಹಳೆಯ ಬಟರ್‌ಸ್ಕಾಚ್, ಅಂಗಿ ಮಾತ್ರ ಹೊಸದು.

ಅಮೆರಿಕದ ಐಸ್‌ಕ್ರೀಮ್ ಕಂಪನಿ ಬೆನ್ ಆ್ಯಂಡ್ ಜೆರ್ರೀಸ್ 2013ರಲ್ಲಿ ‘ಆ್ಯಂಕರ್‌ಮ್ಯಾನ್ 2’ ಚಿತ್ರಕ್ಕೆಂದು ತಂದ ‘ಸ್ಕಾಚಿ ಸ್ಕಾಚ್ ಸ್ಕಾಚ್’ ಕೂಡ ಬಟರ್‌ಸ್ಕಾಚೇ. ಆದರೆ ಚಿತ್ರದ ನಾಯಕನಿಗೆ ಸ್ಕಾಚ್ ವಿಸ್ಕಿಯೆಂದರೆ ಪ್ರಾಣ. ಹೆಸರಿನಲ್ಲೇ ಒಂದು ಕಚಗುಳಿ ಇತ್ತು. ಬಾಸ್ಕಿನ್ ರಾಬಿನ್ಸ್‌ನವರಂತೂ 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನೂ ಬಿಡದೆ ‘ಲೂನಾರ್ ಚೀಸ್‌ಕೇಕ್’ ಎಂಬ ರುಚಿ ಮಾಡಿದ್ದರು. ಹೀಗೆ ಕಥೆಗೂ ರುಚಿಗೂ ಒಂದು ನಂಟಿದ್ದರೆ ದುಡ್ಡು ಕೊಡಲು ನನಗೇನೂ ಬೇಸರವಿಲ್ಲ.

ಆಗುಂಬೆಯ ಕಡೆ ಚಿತ್ರೀಕರಿಸಿದ ಸಿನಿಮಾಕ್ಕೆ ಯಾವ ರುಚಿ ಒಪ್ಪೀತು? ಹಲಸಿನ ಹಣ್ಣಿನ ಐಸ್‌ಕ್ರೀಮಿನ ಮೇಲೆ ಜೋನಿ ಬೆಲ್ಲದ ಒಂದು ಎಳೆ, ಸ್ವಲ್ಪ ಏಲಕ್ಕಿ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ‘ಹಲಸಿನ ಹಣ್ಣಿಗೆ ಬೆಲ್ಲ ಯಾಕೋ? ಜೇನುತುಪ್ಪ ಹಾಕು’ ಎಂದಳು.