ಆರು ದಿನ, ಐದು ಪಂದ್ಯ, ಎರಡು ಪೀಪಾಯಿ ನೀರು

ನವೆಂಬರ್ 14, 2024, ಗುರುವಾರ

1899ರಲ್ಲಿ ಈ ತಾರೀಖು ಮಂಗಳವಾರ ಬಿದ್ದಿತ್ತು. ಅವತ್ತು ಅಮೆರಿಕದ ಮೆಂಫಿಸ್‌ನಲ್ಲಿ ಸೆವಾನಿ ಕಾಲೇಜಿನ ಫುಟ್‌ಬಾಲ್ ಹುಡುಗರು ಮಿಸಿಸಿಪಿ ವಿಶ್ವವಿದ್ಯಾಲಯದವರನ್ನು 12–0ರಿಂದ ಸೋಲಿಸಿ ಪ್ರವಾಸದ ಆಟ ಮುಗಿಸಿದರು. ಆರು ದಿನದಲ್ಲಿ ಐದು ಪಂದ್ಯ, ಹೋಗಿಬಂದ ರೈಲು ದಾರಿ ಸುಮಾರು 2,500 ಮೈಲಿ, ಎದುರಾಳಿಗಳಿಗೆ ಒಂದೂ ಅಂಕವಿಲ್ಲ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯುವವರು ಇದನ್ನು ಪವಾಡ ಎಂದು ಕೈಮುಗಿದು ಸುಮ್ಮನಾಗುತ್ತಾರೆ. ಆಗಿನ ನಿಯಮಗಳನ್ನೂ ಮ್ಯಾನೇಜರನ ಲೆಕ್ಕಾಚಾರವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಸಂಗತಿ ಇನ್ನೂ ಸ್ವಾರಸ್ಯವಾಗಿದೆ.

ಸೆವಾನಿ ಇರುವುದು ಟೆನೆಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ. ಕಾಲೇಜಿನ ಅಧಿಕೃತ ಹೆಸರು ಯೂನಿವರ್ಸಿಟಿ ಆಫ್ ದ ಸೌತ್. ಹೆಸರು ದೊಡ್ಡದು, ಕಾಲೇಜು ಚಿಕ್ಕದು. ಕೋಚ್ ಬಿಲ್ಲಿ ಸೂಟರ್, ಪ್ರಿನ್ಸ್‌ಟನ್‌ನಲ್ಲಿ ಆಡಿ ಬಂದವನು. ನಾಯಕ ಹೆನ್ರಿ ಸೀಬಲ್ಸ್. ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀ, ಮುಂದೆ ಅಮೆರಿಕದ ಸೆನೆಟರ್ ಆದವನು. ಟಿಕೆಟ್ ಹಣದ ಹಂಚಿಕೆಯಲ್ಲಿ ಜಗಳವಾಗಿ ಆ ವರ್ಷ ವ್ಯಾಂಡರ್‌ಬಿಲ್ಟ್ ಜೊತೆಗಿನ ಪಂದ್ಯ ತಪ್ಪಿತ್ತು. ಒಳ್ಳೆಯ ವಸೂಲಿ ತರುವ ಪಂದ್ಯವೇ ಕೈಬಿಟ್ಟ ಮೇಲೆ, ಒಂದೇ ಸುತ್ತಿನಲ್ಲಿ ಐದು ಊರಿನ ಗೇಟ್ ಹಣ ತರುವ ಯೋಜನೆ ಹಾಕಿದವನು ಈ ಲೀ. ಇಷ್ಟು ಒತ್ತೊತ್ತಾಗಿ ಪಂದ್ಯ ಇಟ್ಟದ್ದಕ್ಕೆ ಶೌರ್ಯಕ್ಕಿಂತ ಕಾಸಿನ ಕಾರಣವೇ ಮುಂದು.

ಈಗಿನ ಆಟವನ್ನು ಟಿವಿಯಲ್ಲಿ ನೋಡಿದವರು ಅದನ್ನು ತಲೆಯಿಂದ ತೆಗೆದುಹಾಕಬೇಕು. 1899ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಅದಕ್ಕೆ ಅನುಮತಿ ಸಿಕ್ಕಿದ್ದು 1906ರಲ್ಲಿ. ಮೂರು ಯತ್ನಗಳಲ್ಲಿ ಐದು ಯಾರ್ಡ್ ದಾಟಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮೈದಾನದ ಉದ್ದ 110 ಯಾರ್ಡ್. ಆಟ 35 ನಿಮಿಷಗಳ ಎರಡು ಅರ್ಧ. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ. ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಔಟಾದವನು ಜೀವ ಪಡೆದು ಒಳಬರುವ ಕಬಡ್ಡಿಯ ಸವಲತ್ತು ಇಲ್ಲಿಲ್ಲ. ಹಾಗಾಗಿ ಟೆಕ್ಸಾಸ್ ಪಂದ್ಯದಲ್ಲಿ ತಲೆ ಒಡೆದು ರಕ್ತ ಬಂದರೂ ಸೀಬಲ್ಸ್ ಪಟ್ಟಿ ಅಂಟಿಸಿಕೊಂಡು ಆಡಿದ.

ಎಸೆತವೇ ಇಲ್ಲದ ಆಟದಲ್ಲಿ ಸ್ವಂತ ಗೋಲಿನ ಹತ್ತಿರ ಚೆಂಡು ಹಿಡಿದುಕೊಂಡಿರುವುದೇ ಅಪಾಯ. ಕೈಜಾರಿದರೆ ಮುಗಿಯಿತು. ಆದ್ದರಿಂದ ಮೊದಲ ಯತ್ನದಲ್ಲೇ ಪಂಟ್ (ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ದೂರಕ್ಕೆ ಒದೆಯುವುದು) ಒದ್ದು, ಎದುರಾಳಿಯೇ ತಪ್ಪು ಮಾಡಲಿ ಎಂದು ಕಾಯುವುದು ಹೇಡಿತನವಲ್ಲ, ಜಾಣತನ. ಒಳ್ಳೆಯ ಒದೆಗಾರನೂ ಗಟ್ಟಿ ರಕ್ಷಣೆಯೂ ಇದ್ದ ತಂಡಕ್ಕೆ ಎದುರಾಳಿಯನ್ನು ಸೊನ್ನೆಗೆ ನಿಲ್ಲಿಸುವುದು ಇಂದಿನಷ್ಟು ಅಪರೂಪವೂ ಅಲ್ಲ. ಅಪರೂಪವಾದದ್ದು ಅದನ್ನು ಮೈ ನೋವಿನಲ್ಲಿ, ರೈಲಿನಲ್ಲಿ ಮಲಗೆದ್ದು, ಮತ್ತೆ ಮತ್ತೆ ಮಾಡಿದ್ದು.

ಪ್ರವಾಸದ ಸಿದ್ಧತೆಯಲ್ಲಿ ಎರಡು ವಸ್ತು ಮುಖ್ಯ. ಒಂದು, ಬೆಟ್ಟದ ಬುಗ್ಗೆಯ ನೀರು ತುಂಬಿದ ಎರಡು ಪೀಪಾಯಿ. ಊರೂರಿನ ನೀರು ಕುಡಿದು ಹೊಟ್ಟೆ ಕೆಟ್ಟರೆ ಬದಲಿಗೆ ಇಳಿಸಲು ಜನ ಎಲ್ಲಿ? ಹೊರಟವರೇ ಇಪ್ಪತ್ತೊಂದು ಆಟಗಾರರು. ಇನ್ನೊಂದು ಬೂಟು. ರೈಲು ಹೊರಟ ಮೇಲೆ ಗೊತ್ತಾಯಿತು, ಆಟದ ಬೂಟುಗಳ ಚೀಲ ಹಿಂದೆಯೇ ಉಳಿದಿದೆ! ಲೀ ತಂತಿ ಕಳಿಸಿ ಬೇರೆ ರೈಲಿನಲ್ಲಿ ತರಿಸಿಕೊಂಡ. ಇದನ್ನು ತಮಾಷೆ ಎಂದು ದಾಟಿಸುವವರು ಆಗಿನ ಬೂಟಿನ ಅಟ್ಟೆ ನೋಡಬೇಕು: ತೊಗಲಿನ ತುಂಡುಗಳನ್ನು ಪದರ ಪದರವಾಗಿ ಇಟ್ಟು ಮೊಳೆ ಹೊಡೆದ ಹಲ್ಲುಗಳು. ಎದುರಿನವರ ಗುಂಪನ್ನು ಎದೆಯಿಂದ ತಳ್ಳುವ ಆಟಕ್ಕೆ ಹಿಡಿತವೇ ಬಲ. ಸಾದಾ ಚಪ್ಪಟೆ ಅಟ್ಟೆಯಲ್ಲಿ ಹುಲ್ಲಿನ ಮೇಲೆ ಕಾಲು ಜಾರುತ್ತದೆ, ತಳ್ಳುವವನೇ ಮೊದಲು ಮಂಡಿಯೂರುತ್ತಾನೆ.

9ನೇ ತಾರೀಖು ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೇಲೆ 12–0. 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10–0. 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23–0. 12 ಭಾನುವಾರ, ಚರ್ಚಿನ ಕಾಲೇಜಾದ್ದರಿಂದ ಆಟದ ಮಾತೇ ಇಲ್ಲ. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ಮೇಲೆ 34–0. ನಡುವೆ ಒಂದು ದಿನ ಸಿಕ್ಕಿದ್ದೇ ತಡ, ಅಂಕ ಹೇಗೆ ಏರಿತು ನೋಡಿ.

ಆದರೆ ಆ ವರ್ಷದ ನಿಜವಾದ ಗಂಡಾಂತರ ಈ ಆರು ದಿನಗಳಲ್ಲಿರಲಿಲ್ಲ. ನವೆಂಬರ್ 30ರಂದು ಮಾಂಟ್ಗೊಮೆರಿಯಲ್ಲಿ ಆಬರ್ನ್ ಎದುರಾಯಿತು, ಕೋಚ್ ಜಾನ್ ಹೈಸ್ಮನ್. ಸೆವಾನಿ 11, ಆಬರ್ನ್ 10. ಆಗ ಟಚ್‌ಡೌನ್‌ಗೆ (ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡು ನೆಲ ಮುಟ್ಟಿಸಿದ್ದಕ್ಕೆ) 5, ಫೀಲ್ಡ್ ಗೋಲ್‌ಗೂ (ಆಟದ ನಡುವೆ ಗೋಲ್ ಕಂಬಗಳ ನಡುವೆ ಒದ್ದದ್ದಕ್ಕೆ) 5, ಟಚ್‌ಡೌನ್ ಆದ ಮೇಲಿನ ಒದೆತಕ್ಕೆ 1. ಆ ಒದೆತ ಇಂದಿನಂತೆ ನಡುಮಧ್ಯದಿಂದಲ್ಲ. ಚೆಂಡು ನೆಲ ಮುಟ್ಟಿಸಿದ ಜಾಗದ ನೇರಕ್ಕೇ ಹಿಂದೆ ಬಂದು ಒದೆಯಬೇಕು. ಮೂಲೆಯಲ್ಲಿ ಮುಟ್ಟಿಸಿದ್ದರೆ ಕಂಬಗಳ ನಡುವಿನ ಸಂದಿ ಓರೆಯಾಗಿ ಕಿರಿದಾಗುತ್ತದೆ. ಅದಕ್ಕೊಂದು ಉಪಾಯವಿತ್ತು: ಗೋಲ್ ಗೆರೆಯ ಹಿಂದಿನಿಂದ ಒಬ್ಬ ಪಂಟ್ ಒದ್ದು ಮುಂದೆ ನಿಂತ ಜೊತೆಗಾರನಿಗೆ ಚೆಂಡು ಕೊಡುವುದು, ಅವನು ಹಿಡಿದ ಜಾಗದಿಂದ ಒದೆತ. ಹಿಡಿತ ತಪ್ಪಿದರೆ ಆ ಒಂದು ಅಂಕವೂ ಹೋಯಿತು. ಇಡೀ ಋತುವಿನ ಗೆಲುವು ಇಂಥ ಒಂದು ಅಂಕಕ್ಕೆ ಜೋತುಬಿದ್ದಿತ್ತು.

ಎರಡೇ ದಿನ ಬಿಟ್ಟು, ಡಿಸೆಂಬರ್ 2ರಂದು, ಅಟ್ಲಾಂಟದಲ್ಲಿ ನಾರ್ತ್ ಕ್ಯಾರೊಲೈನಾ ಮೇಲೆ 5–0. ಹನ್ನೆರಡರಲ್ಲಿ ಹನ್ನೆರಡೂ ಗೆಲುವು. ಗಳಿಸಿದ್ದು 322 ಅಂಕ, ಕೊಟ್ಟದ್ದು 10. ಆ ಹತ್ತೂ ಆಬರ್ನ್‌ದೇ.